ಮಣೆಯ ಮೇಲಿನ ಕದನ

ಯುದ್ಧದ ಕಥೆ ಕೇಳುವುದಕ್ಕೆ ರಮ್ಯವೆಂದು ಹಿರಿಯರು ಹೇಳಿಟ್ಟಿದ್ದಾರೆ. ಆ ಮಾತಿನಲ್ಲಿ ಒಂದು ಎಚ್ಚರಿಕೆಯೂ ಅಡಗಿದೆ. ಕೇಳುವುದಕ್ಕೆ ರಮ್ಯ, ಅನುಭವಿಸುವುದಕ್ಕಲ್ಲ. ಮನೆಯ ನಡುಮನೆಯಲ್ಲಿ ಕುಳಿತು ರೇಡಿಯೋ ನಾಟಕದಲ್ಲಿ ರಣಭೇರಿ ಕೇಳುವ ನಮಗೂ, ಚಿತ್ರಮಂದಿರದ ಕತ್ತಲೆಯಲ್ಲಿ ಕುದುರೆಗಳ ಧೂಳನ್ನು ನೋಡುವ ನಮ್ಮ ಮಕ್ಕಳಿಗೂ ಮೈ ನವಿರೇಳುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕೇಳುವುದು, ನೋಡುವುದು ಇವೆರಡನ್ನು ಬಿಟ್ಟು ಮೂರನೆಯ ಮಾರ್ಗವೊಂದುಂಟು. ಅದು ಯುದ್ಧವನ್ನು ಆಡುವುದು. ಮಣೆಯ ಮೇಲೆ, ಕಾಯಿಗಳನ್ನಿಟ್ಟು, ದಾಳ ಹಾಕಿ ಆಡುವುದು. ಈ ಆಟಕ್ಕೂ ಇತಿಹಾಸಕ್ಕೂ ಇರುವ ನಂಟನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಬಳ್ಳಾರಿಯ ಮಗ್ಗುಲಲ್ಲೇ ಇರುವ ಹಲಕುಂದಿಯಲ್ಲಿ ನಾವು ಕೆಲವರು ಉಪಾಧ್ಯಾಯರು ಕೂಡಿ ಒಂದು ಭಾನುವಾರ ಮಕ್ಕಳ ಆಟದ ಮೇಳ ನಡೆಸಿದೆವು. ಚೌಕಾಬಾರ, ಅಳಗುಳಿಮಣೆ, ಹುಲಿ-ಕುರಿ, ಚದುರಂಗ ಎಲ್ಲಕ್ಕೂ ಒಂದೊಂದು ಮೂಲೆ. ನನ್ನ ಪಾಲಿಗೆ ಬಂದ ಮೂಲೆಯಲ್ಲಿ ಎರಡು ಮೇಜುಗಳನ್ನು ಜೋಡಿಸಿ, ಮಣ್ಣಿನ ಗೊಂಬೆಗಳಿಂದ ೧೫೨೦ರ ರಾಯಚೂರು ಯುದ್ಧವನ್ನು ಆಡಿಸುವುದೆಂದು ಗೊತ್ತಾಯಿತು. ಈ ಯೋಚನೆ ಹುಟ್ಟಿದ್ದು ಪುಸ್ತಕದಿಂದಲ್ಲ, ಚಲನಚಿತ್ರದಿಂದ. ಬಿ. ಆರ್. ಪಂತುಲು ಅವರು ನಿರ್ದೇಶಿಸಿದ 'ಶ್ರೀ ಕೃಷ್ಣದೇವರಾಯ' ೧೯೭೦ರಲ್ಲಿ ತೆರೆ ಕಂಡಿತು. ಅಂದಿನಿಂದ ನಮ್ಮ ಸೀಮೆಯಲ್ಲಿ ಕೃಷ್ಣದೇವರಾಯನೆಂದರೆ ರಾಜಕುಮಾರ್ ಅವರ ಮುಖ, ತಿಮ್ಮರಸನೆಂದರೆ ಪಂತುಲು ಅವರ ಮುಖ. ತರಗತಿಯಲ್ಲಿ ಆ ಚಿತ್ರವನ್ನು ತೋರಿಸಿದ ಮೇಲೆ ಹುಡುಗರು, "ನಾವೂ ಯುದ್ಧ ಆಡ್ತೀವ್ರಿ ಸರ" ಎಂದು ಹಟ ಹಿಡಿದರು. ಆಡಿ ಎಂದೆ. ಆಡಿಸಲು ಹೊರಟ ಮೇಲೆ ನಾನೇ ಪಾಠ ಕಲಿತೆ.

ಮೊದಲು ಈ ಬಗೆಯ ಆಟದ ವಂಶಾವಳಿಯನ್ನು ಸ್ವಲ್ಪ ನೋಡೋಣ. ಮಣೆಯ ಮೇಲೆ ಯುದ್ಧವಾಡುವುದನ್ನು ನಾವು ಪರದೇಶದವರಿಂದ ಕಲಿಯಬೇಕಾದುದಿಲ್ಲ. ಚತುರಂಗವೆಂಬ ಹೆಸರೇ ಸೇನೆಯ ನಾಲ್ಕು ಅಂಗಗಳನ್ನು ಹೇಳುತ್ತದೆ: ಆನೆ, ಕುದುರೆ, ರಥ, ಕಾಲಾಳು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೧೨೭ರಿಂದ ೧೧೩೮ರವರೆಗೆ ಆಳಿದನು. ಅವನ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥದಲ್ಲಿ ಅಡುಗೆ, ಆನೆ ಹಿಡಿಯುವುದು, ಸಂಗೀತ ಮೊದಲಾದವುಗಳ ಜೊತೆಗೆ ಚದುರಂಗದ ವಿವರಣೆಯೂ ಇದೆ. ರಾಜನಾದವನು ಆಳಬೇಕಾದುದು ಹೇಗೋ ಹಾಗೆಯೇ ಆಡಬೇಕಾದುದೂ ಉಂಟೆಂದು ಅವನು ತಿಳಿದಿದ್ದನು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಈ ವಿದ್ಯೆಯಲ್ಲಿ ಅದ್ವಿತೀಯರು. ಚದುರಂಗದ ಒಂದು ಕುದುರೆ ಅರುವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಬಗೆಯನ್ನು ಅವರು ಬಿಡಿಸಿದ್ದುಂಟು. ತಾವೇ ಹೊಸ ಮಣೆಯಾಟಗಳನ್ನು ಕಲ್ಪಿಸಿದ್ದುಂಟು. 'ಶ್ರೀತತ್ತ್ವನಿಧಿ'ಯ ಒಂಬತ್ತನೆಯ ನಿಧಿಯಾದ ಕೌತುಕನಿಧಿಯಲ್ಲಿ ಇಂಥ ಆಟಗಳೇ ತುಂಬಿವೆ. ನಮ್ಮ ಕಾಲದಲ್ಲಿ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು 'ಕ್ರೀಡಾ ಕೌಶಲ್ಯ'ವೆಂಬ ಹೆಸರಿನಲ್ಲಿ ಹಳೆಯ ಮಣೆಯಾಟಗಳ ಪ್ರದರ್ಶನಗಳನ್ನು ನಡೆಸಿ ಇವನ್ನು ಜನರ ಕೈಗೆ ಮತ್ತೆ ಕೊಟ್ಟಿದ್ದಾರೆ.

ಅರಮನೆಯ ಆಟ ಒಂದಾದರೆ, ಬಡವರ ಆಟ ಇನ್ನೊಂದು. ಹಂಪೆಗೆ ಹೋದಾಗ ಗುಡಿಯ ಗೋಪುರಗಳನ್ನು ನೋಡಿ ದಣಿದ ಮೇಲೆ, ಮಂಟಪದ ನೆಲಗಲ್ಲುಗಳ ಮೇಲೂ ಒಮ್ಮೆ ಕಣ್ಣು ಹಾಯಿಸಿರಿ. ಯಾರೋ ಗೀಚಿದ ಗೆರೆಗಳು, ಗುಣಿಗಳು ಕಾಣುತ್ತವೆ. ಅವು ಕಾವಲುಗಾರನೋ ವ್ಯಾಪಾರಿಯೋ ಹೊತ್ತು ಕಳೆಯಲು ಕೊರೆದ ಮಣೆಗಳು. ಅವುಗಳಲ್ಲಿ ಹುಲಿ-ಕುರಿಯಾಟವೂ ಒಂದು. ಒಬ್ಬನಿಗೆ ಮೂರು ಹುಲಿ. ಇನ್ನೊಬ್ಬನಿಗೆ ಹದಿನೈದು ಕುರಿ. ಹುಲಿ ಹಾರಿ ಕುರಿಯನ್ನು ಕೊಲ್ಲಬಹುದು. ಕುರಿ ಹುಲಿಯನ್ನು ಕೊಲ್ಲಲಾರದು, ಕಟ್ಟಿಹಾಕಬಲ್ಲುದು. ಬಲಗಳು ಸಮವಲ್ಲ, ಗುರಿಗಳೂ ಒಂದೇ ಅಲ್ಲ. ಆದರೂ ಆಟ ಸರಿಸಮವಾಗಿ ನಡೆಯುತ್ತದೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ನಮಗೆ ಇದು ಬೇಕಾಗುತ್ತದೆ.

ಪಶ್ಚಿಮದಲ್ಲಿ ಚದುರಂಗವನ್ನೇ ಹಿಗ್ಗಿಸಿ ಸೈನಿಕ ಶಿಕ್ಷಣಕ್ಕೆ ಬಳಸುವ ಪ್ರಯತ್ನಗಳು ಹದಿನೆಂಟನೆಯ ಶತಮಾನದ ಕೊನೆಗೆ ಜರ್ಮನ್ ನಾಡುಗಳಲ್ಲಿ ನಡೆದವು. ಪ್ರಷ್ಯದ ರೈಸ್‌ವಿಟ್ಸ್ ಎಂಬಾತ ೧೮೧೨ರಲ್ಲಿ ಅಲ್ಲಿನ ದೊರೆಗೆ ಇಂಥದೊಂದು ಆಟವನ್ನು ಮಾಡಿಕೊಟ್ಟನು. ಅವನ ಮಗ, ಸೈನ್ಯದ ಅಧಿಕಾರಿ, ೧೮೨೪ರಲ್ಲಿ ಅದನ್ನು ತಿದ್ದಿ, ನಿಜವಾದ ನಕ್ಷೆಯ ಮೇಲೆ ಆಡುವಂತೆ ಮಾಡಿದನು. ದಾಳವೂ ಬಂದಿತು, ನಡುವೆ ತೀರ್ಪುಗಾರನೂ ಬಂದನು. ಪ್ರಷ್ಯದ ಸೇನೆ ಅದನ್ನು ಆಟವೆಂದಲ್ಲ, ಶಿಕ್ಷಣವೆಂದು ಸ್ವೀಕರಿಸಿತು. ಅದೇ ವಿದ್ಯೆಯನ್ನು ಮತ್ತೆ ಮನೆಗೆ ತಂದವನು ಆಂಗ್ಲ ಲೇಖಕ ಎಚ್. ಜಿ. ವೆಲ್ಸ್. ೧೯೧೩ರಲ್ಲಿ ಅವನು 'ಪುಟ್ಟ ಯುದ್ಧಗಳು' ಎಂಬರ್ಥದ ಹೆಸರಿನ ಪುಸ್ತಕವೊಂದನ್ನು ಪ್ರಕಟಿಸಿ, ಸೀಸದ ಸಿಪಾಯಿಗಳನ್ನೂ ಸ್ಪ್ರಿಂಗಿನ ಆಟಿಕೆ ತೋಪನ್ನೂ ಇಟ್ಟು ನೆಲದ ಮೇಲೆ ಯುದ್ಧವಾಡುವ ನಿಯಮಗಳನ್ನು ಕೊಟ್ಟನು. ನಿಜವಾದ ಯುದ್ಧಕ್ಕಿಂತ ಇದು ಎಷ್ಟೋ ಮೇಲು, ದೊಡ್ಡವರು ಇದನ್ನೇ ಆಡಿಕೊಂಡಿರಲಿ ಎಂಬುದು ಅವನ ಅಭಿಪ್ರಾಯ. ಆದರೆ ದೊಡ್ಡವರು ಕೇಳಲಿಲ್ಲ. ಮರುವರ್ಷವೇ, ೧೯೧೪ರಲ್ಲಿ, ಮೊದಲನೆಯ ಮಹಾಯುದ್ಧ ಹತ್ತಿಕೊಂಡಿತು.

ಚಲನಚಿತ್ರ ಬಂದ ಮೇಲೆ ಈ ಆಟಕ್ಕೆ ಹೊಸ ಕಸುವು ಬಂದಿತು. ೧೯೬೪ರಲ್ಲಿ 'ಜುಲು' ಎಂಬ ಇಂಗ್ಲಿಷ್ ಚಿತ್ರ ತೆರೆ ಕಂಡಿತು. ದಕ್ಷಿಣ ಆಫ್ರಿಕದ ರೋರ್ಕ್ಸ್ ಡ್ರಿಫ್ಟ್ ಎಂಬ ಠಾಣ್ಯದಲ್ಲಿ ೧೮೭೯ರ ಜನವರಿ ೨೨-೨೩ರಂದು ಸುಮಾರು ೧೫೦ ಮಂದಿ ಬ್ರಿಟಿಷ್ ಪಡೆಯವರು ಮೂರು ಸಾವಿರಕ್ಕೂ ಮಿಕ್ಕ ಜುಲು ಯೋಧರ ಎದುರು ನಿಂತ ಕಥೆ ಅದು. ಆ ಚಿತ್ರವನ್ನು ನೋಡಿದ ಎಷ್ಟೋ ಮಂದಿ ಮೇಜಿನ ಮೇಲೆ ಆ ಠಾಣ್ಯವನ್ನು ಕಟ್ಟಿ ಆಡಿದರು, ಇಂದಿಗೂ ಆಡುತ್ತಾರೆ. ಲಂಡನ್ನಿನಲ್ಲಿ ನಡೆಯುವ 'ಸಲ್ಯೂಟ್' ಮೊದಲಾದ ಮೇಳಗಳಲ್ಲಿ ದಾರಿಹೋಕರನ್ನು ಕರೆದು ಕೂರಿಸಿ, ನಿಯಮವನ್ನು ಎರಡು ಮಾತಿನಲ್ಲಿ ಹೇಳಿ, ಒಂದು ಗಳಿಗೆ ಆಡಿಸಿ ಕಳಿಸುವ ಪದ್ಧತಿ ಇದೆ. ಅಲ್ಲಿ ಬಲಗಳು ಸಮವಿಲ್ಲದಿದ್ದರೆ ಗುರಿಗಳನ್ನು ಬೇರೆಬೇರೆ ಮಾಡುತ್ತಾರೆ. ಕೆಲವರೇ ಇದ್ದ ಪಕ್ಷ ಗೆಲ್ಲಬೇಕಾಗಿಲ್ಲ, ಬೆಳಗಾಗುವವರೆಗೆ ಉಳಿದರೆ ಸಾಕು. ನಮ್ಮ ಹುಲಿ-ಕುರಿಯ ನ್ಯಾಯವೂ ಇದೇ ಅಲ್ಲವೆ?

ಈಗ ರಾಯಚೂರಿಗೆ ಬರೋಣ. ಸಿರುಗುಪ್ಪದಲ್ಲಿ ತುಂಗಭದ್ರೆಯನ್ನು ದಾಟಿದರೆ ರಾಯಚೂರು ಸೀಮೆ. ಕೃಷ್ಣೆ ತುಂಗಭದ್ರೆಗಳ ನಡುವಣ ಆ ದೋಆಬ್ ಪ್ರದೇಶಕ್ಕಾಗಿ ವಿಜಯನಗರಕ್ಕೂ ಅದರ ಉತ್ತರದ ಸುಲ್ತಾನರಿಗೂ ಎರಡು ಶತಮಾನ ಜಗಳ ನಡೆಯಿತು. ೧೫೨೦ರಲ್ಲಿ ಕೃಷ್ಣದೇವರಾಯನು ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದನು. ಅದನ್ನು ಬಿಡಿಸಲು ವಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನು ಕೃಷ್ಣೆಯ ಉತ್ತರ ದಂಡೆಗೆ ಬಂದು, ನದಿಯನ್ನು ದಾಟಿ, ದಕ್ಷಿಣದ ದಂಡೆಯ ಮೇಲೆ ನಿಂತನು. ಅಲ್ಲಿ ಕದನವಾಯಿತು.

ಈ ಕದನದ ದೀರ್ಘ ವರ್ಣನೆಯನ್ನು ಬರೆದವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್. ಯುದ್ಧವಾಗಿ ಸುಮಾರು ಹದಿನೈದು ವರ್ಷಗಳ ಮೇಲೆ ಅವನು ವಿಜಯನಗರದಲ್ಲಿದ್ದನು. ಅವನ ಬರಹವನ್ನು ರಾಬರ್ಟ್ ಸಿವೆಲ್ ೧೯೦೦ರಲ್ಲಿ ಇಂಗ್ಲಿಷಿಗೆ ತಂದು ವಿಜಯನಗರವನ್ನು ಮರೆವಿನಿಂದ ಎತ್ತಿದನು. ನೂನಿಜನ ಲೆಕ್ಕದಂತೆ ರಾಯನ ಸೇನೆಯಲ್ಲಿ ೭,೦೩,೦೦೦ ಕಾಲಾಳು, ೩೨,೬೦೦ ಕುದುರೆ, ೫೫೧ ಆನೆಗಳು. ಈ ಸಂಖ್ಯೆಯನ್ನು ಹಾಗೆಯೇ ನಂಬಲಾಗದು; ಸೇನೆ ಬಹಳ ದೊಡ್ಡದಾಗಿತ್ತೆಂದಷ್ಟೇ ತಿಳಿಯಬೇಕು. ರಾಯನ ಮುಂಪಡೆ ನುಗ್ಗಿದಾಗ ಆದಿಲ್‌ಶಾಹನ ತೋಪುಗಳೆಲ್ಲ ಒಮ್ಮೆಗೇ ಹಾರಿದವು. ಮುಂಪಡೆ ಮುರಿದು ಹಿಂದಕ್ಕೆ ಓಡಿತು. ಎರಡನೆಯ ಸಾಲಿನಲ್ಲಿದ್ದ ರಾಯನು ಚೆದರಿದವರನ್ನು ಕೂಡಿಸಿ ಮತ್ತೆ ನುಗ್ಗಿದನು. ಎದುರಾಳಿಗಳು ಸಾವರಿಸಿಕೊಳ್ಳಲಾರದೆ ಹಿಂದೆಗೆದರು. ಹಿಂದೆ ಇದ್ದುದು ಕೃಷ್ಣೆ. ನದಿಯಲ್ಲಿ ಸತ್ತವರಿಗೆ ಲೆಕ್ಕವಿಲ್ಲ. ಆದಿಲ್‌ಶಾಹನು ಆನೆಯ ಮೇಲೆ ಪಾರಾದನು.

ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕಷ್ಟೆ. ವಿಜಾಪುರದ ಆಸ್ಥಾನದಲ್ಲಿದ್ದು ಹದಿನೇಳನೆಯ ಶತಮಾನದ ಆರಂಭದಲ್ಲಿ ಇತಿಹಾಸ ಬರೆದ ಫರಿಷ್ತಾ ಬೇರೆ ಕಥೆ ಹೇಳುತ್ತಾನೆ. ಇಸ್ಮಾಯಿಲನು ಮದ್ಯದ ಅಮಲಿನಲ್ಲಿ, ತಾಳ್ಮೆಗೆಟ್ಟು, ಸ್ವಲ್ಪವೇ ಸೇನೆಯೊಡನೆ ನದಿ ದಾಟಿ ಕೆಟ್ಟನೆಂಬುದು ಅವನ ವಾದ. ಒಬ್ಬನ ಪ್ರಕಾರ ಮಹಾಸೇನೆಗಳ ಹೋರಾಟ. ಇನ್ನೊಬ್ಬನ ಪ್ರಕಾರ ಒಬ್ಬ ದೊರೆಯ ದುಡುಕು. ಸೋತವರು ಸೋಲಿಗೆ ಕಾರಣ ಹುಡುಕುವುದೂ, ಗೆದ್ದವರ ಕಡೆಯವರು ಗೆಲುವನ್ನು ಹಿಗ್ಗಿಸುವುದೂ ಲೋಕರೂಢಿ. ಇತಿಹಾಸಕಾರನು ಇಬ್ಬರನ್ನೂ ಎದುರುಬದುರು ಕೂರಿಸಿ ಕೇಳಬೇಕು. ನಮ್ಮ ಮೇಜಿನ ಎರಡು ಬದಿಗಳು ನನಗೆ ಕ್ರಮೇಣ ನೂನಿಜನ ಬದಿ, ಫರಿಷ್ತಾನ ಬದಿ ಎಂದೇ ತೋರಿದವು.

ಹಲಕುಂದಿಯ ಮೇಜಿನ ಮೇಲೆ ನೀಲಿ ಬಟ್ಟೆಯ ಕೃಷ್ಣೆ ಹರಿಯಿತು. ಮಕ್ಕಳು ಕೆರೆಯ ಜೇಡಿಮಣ್ಣಿನಿಂದ ಹೆಬ್ಬೆರಳುದ್ದದ ಗೊಂಬೆಗಳನ್ನು ಮಾಡಿ ಬಿಸಿಲಿಗೆ ಒಣಗಿಸಿದ್ದರು. ವಿಜಯನಗರಕ್ಕೆ ಕೆಮ್ಮಣ್ಣು ಬಳಿದ ೪೮ ಗೊಂಬೆ, ವಿಜಾಪುರಕ್ಕೆ ಸುಣ್ಣ ಬಳಿದ ೩೦ ಗೊಂಬೆ ಮತ್ತು ಆರು ತೋಪು. ಕಾಲಾಳಿಗೆ ಒಂದು ಗೇಣು ನಡೆ, ಕುದುರೆಗೆ ಎರಡು ಗೇಣು. ತೋಪು ಒಮ್ಮೆ ಹಾರಿದರೆ ಎರಡು ಸರದಿ ಸುಮ್ಮನಿರಬೇಕು. ಸಾಲಿನಲ್ಲಿ ಮೂರರಲ್ಲೊಂದು ಪಾಲು ಬಿದ್ದರೆ ದಾಳ ಹಾಕಬೇಕು. ನಾಲ್ಕು ಅಥವಾ ಹೆಚ್ಚು ಬಿದ್ದರೆ ಸಾಲು ನಿಲ್ಲುತ್ತದೆ, ಇಲ್ಲವಾದರೆ ಓಡುತ್ತದೆ. ದೊರೆ ಒಂದು ಗೇಣಿನೊಳಗೆ ಇದ್ದರೆ ದಾಳಕ್ಕೆ ಎರಡು ಕೂಡಿಸಬೇಕು. ನದಿಗೆ ಬಿದ್ದ ಗೊಂಬೆ ಮರಳಿ ಬರುವುದಿಲ್ಲ. ಹತ್ತು ಸರದಿ ಮುಗಿಯುವವರೆಗೆ ಮುತ್ತಿಗೆ ತೆರವಾಗದಿದ್ದರೆ ರಾಯಚೂರು ರಾಯನ ಪಾಲು. ನಿಯಮಗಳು ಇಷ್ಟೇ. ಅರ್ಧ ಹಾಳೆಗೆ ಮೀರಿದ ನಿಯಮವನ್ನು ಮೇಳದಲ್ಲಿ ಯಾರೂ ಓದುವುದಿಲ್ಲ.

ಮೊದಲ ತೊಡಕು ಆಟಕ್ಕೆ ಮುಂಚೆಯೇ ಬಂದಿತು. ಬಂದವರೆಲ್ಲರಿಗೂ ಕೆಮ್ಮಣ್ಣಿನ ಬದಿಯೇ ಬೇಕು. ಸುಣ್ಣದ ಬದಿಗೆ ಯಾರೂ ಇಲ್ಲ. ಒಬ್ಬ ಹುಡುಗನಂತೂ, "ಆ ಕಡೆ ಕುಂತ್ರ ನಾನು ಕೆಟ್ಟಾವ ಆಗ್ತೀನ್ರಿ" ಎಂದು ಹಿಂದೆ ಸರಿದನು. ಚಲನಚಿತ್ರಕ್ಕೆ ಒಬ್ಬನೇ ನಾಯಕ. ಕ್ಯಾಮೆರಾ ಅವನ ಕಡೆಯೇ ನಿಲ್ಲುತ್ತದೆ. ಆದರೆ ಮೇಜಿಗೆ ಇಬ್ಬರು ಬೇಕು. ಒಬ್ಬನೇ ಕುಳಿತರೆ ಆಟವಿಲ್ಲ. ನಾನು ಚೀಟಿ ಎತ್ತಿಸಿದೆ. ಚೀಟಿ ಎತ್ತುವ ಮುನ್ನ ಒಂದು ಸಂಗತಿ ತಿಳಿಸಿದೆ. ವಿಜಯನಗರದ ಸೇನೆಯಲ್ಲಿ ಇಮ್ಮಡಿ ದೇವರಾಯನ ಕಾಲದಿಂದಲೂ ಮುಸಲ್ಮಾನ ರಾವುತರೂ ಬಿಲ್ಲಾಳುಗಳೂ ಇದ್ದರು. ರಾಯಚೂರು ಕೋಟೆಯ ಮುತ್ತಿಗೆಯಲ್ಲಿ ರಾಯನ ಪರವಾಗಿ ಗೋಡೆಯ ಮೇಲಿನವರನ್ನು ಕೋವಿಯಿಂದ ಉರುಳಿಸಿದವರು ಫಿಗೆರೆದೊ ಎಂಬ ಪೋರ್ಚುಗೀಸನೂ ಅವನ ಸುಮಾರು ಇಪ್ಪತ್ತು ಮಂದಿ ಸಂಗಡಿಗರೂ. ಇದು ಭೂಮಿಗಾಗಿ, ಕೋಟೆಗಾಗಿ, ಮಾನಕ್ಕಾಗಿ ಇಬ್ಬರು ದೊರೆಗಳು ಮಾಡಿದ ಯುದ್ಧ. ಕೆಂಪಿನವರೆಲ್ಲ ಒಂದು ಜಾತಿ, ಬಿಳಿಯವರೆಲ್ಲ ಇನ್ನೊಂದು ಎಂದು ತಿಳಿಯಬಾರದು. ಮಕ್ಕಳು ಇದನ್ನು ನಾವೆಣಿಸುವುದಕ್ಕಿಂತ ಬೇಗ ಒಪ್ಪಿಕೊಳ್ಳುತ್ತಾರೆ. ಆ ಹುಡುಗನೂ ಚೀಟಿ ಎತ್ತಿ ಸುಣ್ಣದ ಬದಿಗೇ ಕುಳಿತನು. ಕುಳಿತ ಮೇಲೆ ತನ್ನ ಗೊಂಬೆಗಳನ್ನು ಯಾರೂ ಮುಟ್ಟದಂತೆ ಕಾದನು.

ದಿನವೆಲ್ಲ ಐದು ಆಟ ನಡೆದವು. ನಿಯಮದ ಪ್ರಕಾರ ನಾಲ್ಕನ್ನು ಕೆಂಪಿನವರು ಗೆದ್ದರು, ಒಂದನ್ನು ಬಿಳಿಯವರು. ತೋಪುಗಳು ಹಾರಿ ಕೆಂಪಿನ ಮೊದಲ ಸಾಲು ಕುಸಿದಾಗ ಸುತ್ತ ನಿಂತವರೆಲ್ಲ "ಅಯ್ಯೋ" ಎಂದರು. ರಾಯನನ್ನು ಮುಂದೆ ತಂದರೆ ಸಾಲು ನಿಲ್ಲುತ್ತದೆ, ಆದರೆ ರಾಯನೇ ಬಿದ್ದರೆ ಆಟ ಮುಗಿಯಿತು. ತರಬೇಕೆ, ಬೇಡವೆ? ಈ ಪ್ರಶ್ನೆಯನ್ನು ನಾನು ಮೂವತ್ತು ವರುಷ ಹಲಗೆಯ ಮುಂದೆ ನಿಂತು ಹೇಳಿದ್ದರೂ ಅಷ್ಟು ಚೆನ್ನಾಗಿ ತಿಳಿಸಲಾರದವನಾಗಿದ್ದೆ.

ನೆಲದ ಗುಣವೂ ಮೇಜಿನ ಮೇಲೆಯೇ ತಿಳಿಯಿತು. ಬಳ್ಳಾರಿಯವರಾದ ನಮಗೆ ಈ ಪಾಠ ಹೊಸದಲ್ಲ. ನಮ್ಮ ಕೋಟೆಯನ್ನು ಹೈದರಾಲಿಗಾಗಿ ಬಲಪಡಿಸಿದ ಫ್ರೆಂಚ್ ಇಂಜಿನಿಯರನು, ಎದುರಿನ ಕುಂಬಾರಗುಡ್ಡ ಕೋಟೆಗಿಂತ ಎತ್ತರವಾಗಿರುವುದನ್ನು ಗಮನಿಸದೆ ಹೋದುದಕ್ಕಾಗಿ ಗಲ್ಲಿಗೇರಿದನೆಂದು ನಮ್ಮೂರಿನ ಐತಿಹ್ಯ. ಐತಿಹ್ಯ ನಿಜವಿರಲಿ ಬಿಡಲಿ, ಅದರ ಸಾರ ನಿಜ. ಎರಡು ಮಣ್ಣಿನ ಗುಡ್ಡೆಗಳನ್ನು ಮೇಜಿನ ಮೇಲಿಟ್ಟು ಬಗ್ಗಿ ನೋಡಿದ್ದರೆ ಆ ತಪ್ಪು ಮಗುವಿಗೂ ಕಾಣುತ್ತಿತ್ತು.

ಮೂರನೆಯ ಆಟದಲ್ಲಿ ಸುಣ್ಣದ ಬದಿಗೆ ಒಬ್ಬಳು ಹುಡುಗಿ ಕುಳಿತಳು. ಅವಳು ನದಿಯನ್ನು ದಾಟಲೇ ಇಲ್ಲ. ಸರದಿಯ ಮೇಲೆ ಸರದಿ ಕಳೆಯಿತು. ಎದುರಿನ ಹುಡುಗ ಕೂಗಾಡಿದನು. ನೋಡುವವರೂ, "ದಾಟವ್ವಾ, ದಾಟು" ಎಂದರು. ಅವಳು ನನ್ನನ್ನು ಕೇಳಿದಳು: "ನಾನ್ಯಾಕ ಹೊಳಿ ದಾಟಬೇಕ್ರಿ ಸರ? ಹಿಂದ ನೀರೈತಿ, ಓಡಾಕ ಜಾಗ ಎಲ್ಲೈತಿ?" ದಾಟದಿದ್ದರೆ ರಾಯಚೂರು ಹೋಗುತ್ತದೆ ಎಂದು ನೆನಪು ಮಾಡಿದೆ. ಹತ್ತನೆಯ ಸರದಿ ಮುಗಿಯಿತು, ರಾಯಚೂರು ಹೋಯಿತು. ನೀನು ಸೋತೆಯಮ್ಮ ಎಂದೆ. ಅವಳು ಮೂವತ್ತು ಗೊಂಬೆಗಳನ್ನೂ ಎಣಿಸಿ ಡಬ್ಬಿಯಲ್ಲಿಡುತ್ತ, "ನಮ್ಮ ಮಂದಿ ಎಲ್ಲಾ ಉಳದಾರಲ್ರಿ" ಎಂದಳು.

ಆ ಮಾತಿಗೆ ನನ್ನ ಅರ್ಧ ಹಾಳೆಯ ನಿಯಮದಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ಮತ್ತೆ ನೂನಿಜನ ಬರಹವನ್ನು ತೆರೆದೆ. ಕದನ ಗೆದ್ದ ಕೃಷ್ಣದೇವರಾಯನು, ನದಿಯಲ್ಲಿ ನಡೆಯುತ್ತಿದ್ದ ಕೊಲೆಯನ್ನು ಕಂಡು ತನ್ನವರನ್ನು ಹಿಂದಕ್ಕೆ ಕರೆದನೆಂದು ಅಲ್ಲಿ ಇದೆ. ಸಾಯಬೇಕಾದ ತಪ್ಪು ಮಾಡದ ಎಷ್ಟೋ ಜನ ಸಾಯುತ್ತಿದ್ದಾರೆ, ಆದಿಲ್‌ಶಾಹನು ಅನ್ಯಾಯ ಮಾಡಿದ್ದರೆ ಇವರದೇನು ತಪ್ಪು ಎಂಬ ಅರ್ಥದ ಮಾತನ್ನು ಅವನು ಆಡಿದನಂತೆ. ಆಮೇಲೆ ಸತ್ತವರನ್ನು ಸುಡಿಸಿ, ತನ್ನ ಕಡೆ ಮಡಿದ ೧೬,೦೦೦ಕ್ಕೂ ಮಿಕ್ಕವರ ಆತ್ಮಶಾಂತಿಗಾಗಿ ದಾನಗಳನ್ನು ಮಾಡಿಸಿದನಂತೆ. ಈ ಭಾಗವನ್ನು ನಾನು ಅನೇಕ ಸಲ ಓದಿದ್ದೆ; ತರಗತಿಯಲ್ಲಿ ಒಮ್ಮೆಯೂ ಹೇಳಿರಲಿಲ್ಲ. ೭,೦೩,೦೦೦ವನ್ನು ಮಾತ್ರ ಪ್ರತಿವರ್ಷ ಬಾಯಿಪಾಠ ಮಾಡಿಸಿದ್ದೆ.

ನಮ್ಮ ಕವಿಗಳಿಗೆ ಇದು ತಿಳಿದಿತ್ತು. ಹತ್ತನೆಯ ಶತಮಾನದ ಕೊನೆಯ ರನ್ನನು ತನ್ನ ಗದಾಯುದ್ಧದಲ್ಲಿ ದುರ್ಯೋಧನನನ್ನು ಸಂಜಯನೊಡನೆ ಕುರುಕ್ಷೇತ್ರದ ಹೆಣಗಳ ನಡುವೆ ನಡೆಸುತ್ತಾನೆ. ದ್ರೋಣ, ಕರ್ಣ, ದುಶ್ಶಾಸನ, ತನ್ನ ಮಗ ಲಕ್ಷಣಕುಮಾರ, ಒಬ್ಬೊಬ್ಬರ ಬಳಿ ನಿಂತು ಅಳುತ್ತಾನೆ. ಅಷ್ಟೇ ಅಲ್ಲ, ಹಗೆಯ ಮಗನಾದ ಅಭಿಮನ್ಯುವಿನ ಬಳಿಯೂ ನಿಂತು ಅವನ ಪರಾಕ್ರಮವನ್ನು ಕೊಂಡಾಡುತ್ತಾನೆ. ಪಗಡೆಯ ಮಣೆಯ ಮೇಲೆ ಆರಂಭವಾದುದು ಆ ಹೆಣಗಳ ನಡುವಣ ನಡಿಗೆಯಲ್ಲಿ ಮುಗಿಯುತ್ತದೆ. ಅಲ್ಲಿ ಕಾಯಿಗಳನ್ನು ಎತ್ತಿ ಡಬ್ಬಿಗೆ ಹಾಕಿ ಮತ್ತೊಮ್ಮೆ ಆಡುವಂತಿಲ್ಲ.

ಹಾಗಾದರೆ ಮಕ್ಕಳಿಗೆ ಯುದ್ಧವನ್ನು ಆಡಿಸಬಹುದೆ ಎಂದು ತಾವು ಕೇಳಬಹುದು. ಆಡಿಸಬಹುದು, ಆಡಿಸಬೇಕು ಎಂದೇ ನನ್ನ ಅಭಿಪ್ರಾಯ. ಆದರೆ ಮೂರು ಮಾತುಗಳನ್ನು ಮರೆಯಬಾರದು. ಎರಡೂ ಬದಿಗೆ ಮಕ್ಕಳನ್ನು ಕೂರಿಸಬೇಕು. ಸೋಲುವ ಬದಿಗೂ ಗೌರವದ ಗುರಿಯೊಂದನ್ನು ಕೊಡಬೇಕು. ಆಟ ಮುಗಿದ ಮೇಲೆ ಬಿದ್ದ ಗೊಂಬೆಗಳನ್ನು ಎಣಿಸಬೇಕು. ಹಲಕುಂದಿಯ ಮೇಳವಾದ ಮೇಲೆ ನಮ್ಮ ಅರ್ಧ ಹಾಳೆಗೆ ನಾನು ಒಂದು ಸಾಲು ಸೇರಿಸಿದ್ದೇನೆ. ಕೋಟೆ ಯಾರದೆಂದು ಹೇಳಿದ ಮೇಲೆ, ಇಬ್ಬರು ಆಟಗಾರರೂ ತಮ್ಮ ಕಡೆ ಎಷ್ಟು ಜನ ಮನೆಗೆ ಮರಳಿದರೆಂಬುದನ್ನು ಗಟ್ಟಿಯಾಗಿ ಹೇಳಬೇಕು.

ಬರುವ ರಜೆಯಲ್ಲಿ ತಮ್ಮ ಮನೆಯ ಮಕ್ಕಳು ಯಾವುದಾದರೊಂದು ಚಿತ್ರ ನೋಡಿ ಬಂದು ಕೋಲು ಹಿಡಿದು ಕಾದಾಡತೊಡಗಿದರೆ ಗದರಿಸಬೇಡಿರಿ. ಕೆರೆಯ ಮಣ್ಣು ತರಿಸಿಕೊಡಿ. ಊಟದ ಮೇಜನ್ನು ಒಂದು ಮಧ್ಯಾಹ್ನ ಬಿಟ್ಟುಕೊಡಿ. ಚೀಟಿ ಎತ್ತಿಸಿ, ತಾವೂ ಒಂದು ಬದಿಗೆ ಕುಳಿತುಕೊಳ್ಳಿರಿ. ಸೋಲುವ ಬದಿಯೇ ಬಂದರೆ ಇನ್ನೂ ಒಳ್ಳೆಯದು.